ಸ್ವೀಕೃತಿ

ತಾಲ್ಲೂಕು ಕಚೇರಿಯ ಟಪಾಲು ಶಾಖೆಗೆ ಒಂದೇ ಕಿಟಕಿ.
ಸರಳಿನ ಆಚೆ ಹೊಸನಗರ, ಈಚೆ ನಾನು,
ನಡುವೆ ಒಂದು ಸೀಲು, ಒಣಗುತ್ತಲೇ ಇರುವ ಶಾಯಿ ಪ್ಯಾಡು.
ಹದಿನೇಳು ವರ್ಷದಲ್ಲಿ ಎಷ್ಟು ಧಿಕ್ಕಾರ ಕೇಳಿದೆನೋ
ಲೆಕ್ಕ ಇಟ್ಟಿಲ್ಲ; ಲೆಕ್ಕ ಇಡುವುದು ಕಾಗದಕ್ಕೆ ಮಾತ್ರ.
ಕೂಗಿಗೆ ಕ್ರಮಸಂಖ್ಯೆ ಇಲ್ಲ.

ಆದರೂ ಕಿವಿ ಪಳಗಿದೆ.
ದುಡ್ಡು ಕೊಟ್ಟು ಕರೆತಂದ ಘೋಷಣೆ
ಊಟದ ಹೊತ್ತಿಗೆ ಸರಿಯಾಗಿ ಇಳಿಯುತ್ತದೆ.
ಅಂಗನವಾಡಿಯವರು ಕೂಗುವಾಗ ಒಬ್ಬಳಾದರೂ ನಗುತ್ತಾಳೆ,
ನಕ್ಕು, ಇನ್ನೂ ಜೋರಾಗಿ ಕೂಗುತ್ತಾಳೆ.

ಅವತ್ತು ಮುಂಡಿಗೆಹಕ್ಕಲಿನವರು ಬಂದರು.
ಮೂವತ್ತೆಂಟು ಜನ. ಹೆಗಲ ಮೇಲೆ ಕಾಲುಸಂಕ.
ಸಂಕವೆಂದರೆ, ಹಳ್ಳ ಬಿಟ್ಟುಕೊಟ್ಟಷ್ಟು:
ಎರಡು ಬೈನೆ ದಬ್ಬೆ, ಒಂದು ತುಂಡು ತಂತಿ,
ಹಿಡಿಕೆಗೆ ಕಟ್ಟಿದ್ದ ಹಸಿರು ನೈಲಾನ್ ಹಗ್ಗ,
ಹಗ್ಗದ ಗಂಟಿನಲ್ಲಿ ಇನ್ನೂ ಕೊಚ್ಚೆಯ ಕಸ.
ಗೇಟಿನ ಒಳಕ್ಕೆ ಉದ್ದಕ್ಕೆ ಹಾಸಿದರು, ಇಟ್ಟಿಗೆಯ ಮೇಲೆ ಏರಿಸಿ.
ಸಾಹೇಬರು ಬರುವುದಾದರೆ ಇದರ ಮೇಲೆ ದಾಟಿ ಬರಲಿ.
ಮೊದಲು ದಾಟಿದವನು ಟೀ ಹುಡುಗ,
ಒಂದು ತೊಟ್ಟೂ ಚೆಲ್ಲದೆ.

ಶಿವಮೊಗ್ಗದಿಂದ ಬಂದ ಮುಖಂಡರು ಮೈಕು ಹಿಡಿದು
"ಬೇಕೇ ಬೇಕು" ಎಂದರು.
"...ಬೇಕು" ಎಂದಿತು ಜನ, ಮದುವೆಮನೆಯಲ್ಲಿ
ಇನ್ನೊಂದು ಹೋಳಿಗೆ ಹಾಕಲೋ ಎಂದರೆ
ಬ್ಯಾಡ ಎನ್ನುವಷ್ಟು ಸಣ್ಣಗೆ.
"ಜೋರಾಗಿ! ಯಾರಿಗೂ ಕೇಳಿಸ್ತಿಲ್ಲ!"
ಅವರು ಕಾಲಿನಿಂದ ಕಾಲಿಗೆ ಭಾರ ಬದಲಿಸಿದರು.
ಇನ್ನೊಬ್ಬರ ಅಂಗಳದಲ್ಲಿ ದನಿ ಎತ್ತಿ ಗೊತ್ತಿಲ್ಲದವರು.
ನಾನು ಒಳಗೆ ಅಂದುಕೊಂಡದ್ದು, ನಾಚಿಕೆಯಾದರೂ ಹೇಳುತ್ತೇನೆ:
ಇವರಿಂದ ಆಗುವುದಲ್ಲ ಇದು, ಹನ್ನೆರಡೂವರೆಗೆ ಮುಗಿಯುತ್ತದೆ.

ಹನ್ನೆರಡಕ್ಕೇ ಕರೆಂಟು ಹೋಯಿತು.
ಇಸ್ಮಾಯಿಲ್ ಸೌಂಡ್ಸಿನ ಹುಡುಗ ವೈರು ಎಳೆದು ನೋಡಿದ,
ಮೈಕಿನ ನೆತ್ತಿಗೆ ಎರಡು ಬಾರಿ ಮೊಟಕಿದ.

ಆಗ ಗುತ್ಯಮ್ಮ (ಹೆಸರು ಆಮೇಲೆ ಅರ್ಜಿಯಲ್ಲಿ ಓದಿದ್ದು,
ಸಹಿಯ ಜಾಗದಲ್ಲಿ ಹೆಬ್ಬೆಟ್ಟು)
ಎಲೆಯಡಿಕೆ ಉಗಿದು, ಅಂಗೈ ಎರಡನ್ನೂ ಬಾಯಿಗೆ ಬಳಸಿ
ಕೂ ಹಾಕಿದಳು.

ಕೂ ಎಂದರೆ ಪೇಟೆಯವರಿಗೆ ಏನೆಂದು ಹೇಳಲಿ.
ಅದರಲ್ಲಿ ಪದ ಇಲ್ಲ, ಧಿಕ್ಕಾರ ಇಲ್ಲ.
ಈ ಗುಡ್ಡದಿಂದ ಆ ಗುಡ್ಡಕ್ಕೆ
ನಾನಿದ್ದೇನೆ, ನೀನಿದ್ದೀಯಾ, ಅಷ್ಟೇ.
ದನ ತಪ್ಪಿದರೆ, ಹೆರಿಗೆ ನೋವು ಕಂಡರೆ,
ಶಾಲೆ ಬಿಟ್ಟ ಮಕ್ಕಳನ್ನು ಹಳ್ಳದ ಆಚೆಯೇ ನಿಲ್ಲಿಸಬೇಕಾದರೆ.
ಕೇಳಿದವರು ತಿರುಗಿ ಕೂ ಎನ್ನಲೇಬೇಕು.
ಎನ್ನದಿದ್ದರೆ, ಕರೆದವರು ಗುಡ್ಡ ಇಳಿದು ಹುಡುಕಿ ಬರುತ್ತಾರೆ.

ಮೂವತ್ತೇಳು ಗಂಟಲು ತೆರೆದವು.
ಬಸ್‌ಸ್ಟ್ಯಾಂಡಿನ ಕಡೆಯಿಂದ ಒಂದು ಕೂ,
ಸೊಸೈಟಿ ಅಕ್ಕಿಯ ಸಾಲಿನಿಂದ ಮೂರು ನಾಲ್ಕು,
ಯಾವುದೋ ಲಾರಿಯೊಳಗಿನಿಂದ ಒಂದು ಒಡಕಲು ಕೂ.
ಖಜಾನೆಯ ಮುಂದಿನ ಪೊಲೀಸು ಲಾಠಿ ಕಂಕುಳಿಗೆ ಸಿಕ್ಕಿಸಿ
ಮುಖ ಅತ್ತ ತಿರುಗಿಸಿದ; ಕುತ್ತಿಗೆಯ ನರ ಉಬ್ಬಿತ್ತು.

ನನ್ನೂರೂ ಹಳ್ಳದ ಆಚೆಯದೇ.
ಒಂಬತ್ತು ವರ್ಷದವಳು, ಆಟದಲ್ಲಿ ಸೋತ ಸಿಟ್ಟಿಗೆ
ಒಂದು ಸಂಜೆ ಕೇಳಿಯೂ ತಿರುಗಿ ಕೂ ಅನ್ನಲಿಲ್ಲ.
ಅಪ್ಪಯ್ಯ ಸೂಡಿ ಹಿಡಿದು ನಡುರಾತ್ರಿವರೆಗೆ ಕಾಡು ಹುಡುಕಿದ.
ಸಿಕ್ಕಿದಾಗ ಹೊಡೆಯಲಿಲ್ಲ.
"ಓ ಅಂದಿದ್ರೆ ಸಾಕಾಗಿತ್ತಲ್ಲೇ" ಅಂದ.

"ಒಳಗಿನಿಂದ ಕೂಗಿದ್ದು ಯಾರು?" ಎಂದರು ಶಿರಸ್ತೇದಾರರು.
ಇಡೀ ಹಾಲು ಕಡತಕ್ಕೆ ತಲೆ ಬಗ್ಗಿಸಿತು.
ಸೀಲು ನನ್ನ ಕೈಯಲ್ಲೇ ಇತ್ತು, ಗಂಟಲು ಉರಿಯುತ್ತಿತ್ತು.
ಒಂಬತ್ತು ಜನರಲ್ಲಿ
ಎಷ್ಟು ಜನ ಕೂಗಿದ್ದೆವೋ ನನಗೂ ಗೊತ್ತಿಲ್ಲ.

ಸಂಕ ಆಗಿಲ್ಲ.
"ಅನುದಾನದ ಲಭ್ಯತೆಯನ್ನು ಆಧರಿಸಿ ಪರಿಶೀಲಿಸಲಾಗುವುದು."
ಹಿಂಬರಹ ಬೆರಳಚ್ಚು ಮಾಡಿದವಳೂ ನಾನೇ.
ದಬ್ಬೆಯನ್ನು ಅವರು ವಾಪಸು ಒಯ್ದಿಲ್ಲ, ಗೇಟಿನ ಬದಿಗೆ ಒರಗಿದೆ.
ತೆಗೆಸಿ ಎಂದು ಸಾಹೇಬರು ಎರಡು ಸಲ ಹೇಳಿದ್ದಾರೆ.
ಜವಾನ ಕೆರಿಯಪ್ಪ ದಿನಾ ಸೆಲ್ಯೂಟು ಹೊಡೆದು
"ನಾಳೆ ಸಾರ್" ಎನ್ನುತ್ತಾನೆ.